ಮನೆಯ ಚಿಕ್ಕ ನಾಯಿಗೆ ಬರುವ ಒಣಚರ್ಮವೂ ತುರಿಕೆಯೂ

ಕಳೆದ ಮಾಗಿಯಲ್ಲಿ ತೊಗರಿಯ ಕಾಯಿಕೊರಕ ಹುಳುವಿನ ಹಾವಳಿಯನ್ನು ನೋಡುವುದಕ್ಕಾಗಿ ಬಯಲುಸೀಮೆಯ ಒಂದು ಗ್ರಾಮಕ್ಕೆ ಸರ್ಕೀಟು ಹೋಗಿದ್ದೆನು. ಹೊಲಗಳನ್ನು ನೋಡಿಕೊಂಡು ಬಂದು ಅಲ್ಲಿನ ಜಮೀನುದಾರರೊಬ್ಬರ ಮನೆಯ ಜಗುಲಿಯ ಮೇಲೆ ಕುಳಿತಿರುವಾಗ, ಆ ಮನೆಯ ಒಂದು ಚಿಕ್ಕ ಬಿಳಿಯ ನಾಯಿಯು ಕಂಬಕ್ಕೆ ಮೈಯುಜ್ಜುತ್ತಲೂ, ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುತ್ತಲೂ, ಒಂದು ಗಳಿಗೆಯಾದರೂ ನೆಮ್ಮದಿಯಾಗಿ ಮಲಗದೆ ಇದ್ದಿತು. ನಮ್ಮ ಜನರು ಪೊಮೆರೇನಿಯನ್ ಎಂದು ಕರೆಯುವ, ನಿಜವಾಗಿ ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಗೆ ಸೇರಿದ ನಾಯಿ. ತೂಕ ಐದು ಕಿಲೋಗ್ರಾಮಿಗೆ ಹೆಚ್ಚಿರಲಾರದು. ಯಜಮಾನರು ಅದನ್ನು ತೋರಿಸಿ, "ಸ್ವಾಮಿ, ಹೇಗೂ ತಾವು ಬಂದಿದ್ದೀರಿ. ತೊಗರಿಗೆಂದು ತಂದ ಔಷಧದಲ್ಲಿ ಒಂದು ಮುಚ್ಚಳದಷ್ಟನ್ನು ಬಕೆಟ್ ನೀರಿಗೆ ಬೆರೆಸಿ ಇದಕ್ಕೂ ಒಂದು ಸ್ನಾನ ಮಾಡಿಸಿಬಿಡೋಣವೆಂದಿದ್ದೇನೆ. ಗಿಡದ ಮೇಲಿನ ಹುಳುವಾದರೇನು, ನಾಯಿಯ ಮೇಲಿನದಾದರೇನು?" ಎಂದರು. ನೀರು ತುಂಬಿದ ಬಕೆಟ್ಟೂ ಔಷಧದ ಶೀಶೆಯೂ ಆಗಲೇ ಬಾವಿಯ ಕಟ್ಟೆಯ ಮೇಲಿದ್ದುವು.

ಆ ಸ್ನಾನವನ್ನು ತಡೆದದ್ದಾಯಿತು. ಅದೇ ಬೀದಿಯ ಮತ್ತೊಂದು ಮನೆಯಲ್ಲಿ ಹಿಂದಿನ ವರ್ಷ ಹೀಗೆಯೇ ಮೈತೊಳೆಯಿಸಿದ ನಾಯಿಯೊಂದು ಸಾಯಂಕಾಲದೊಳಗೆ ಸತ್ತ ಸಂಗತಿಯು ಆಮೇಲೆ ತಿಳಿದುಬಂದಿತು. ಬಾಯಲ್ಲಿ ನೊರೆ ಬಂದಿದ್ದುದರಿಂದ ಹಾವು ಕಡಿದಿರಬೇಕೆಂದು ಆ ಮನೆಯವರು ತಿಳಿದಿದ್ದರು.

ಈ ಲೇಖಕನು ಪಶುವೈದ್ಯನಲ್ಲ. ಆದರೆ ಬೆಳೆಗೆ ಹಾಕುವ ವಿಷಗಳನ್ನು ಹೇಗೆ ಬಳಸಬೇಕೆಂದು ರೈತರಿಗೆ ಹೇಳುವುದು ಯಾರ ಕೆಲಸವೋ, ಅವುಗಳನ್ನು ಎಲ್ಲಿ ಬಳಸಕೂಡದೆಂದು ಹೇಳುವುದೂ ಅವರ ಕೆಲಸವೇ ಆಗಿದೆ. ಗ್ರಾಮದ ಯಜಮಾನರೂ ದೊಡ್ಡ ಹಿಡುವಳಿದಾರರೂ ತಮ್ಮ ಮನೆಯಲ್ಲಿ ಮಾಡುವುದನ್ನೇ ಉಳಿದವರು ನೋಡಿ ಮಾಡುವರಾದುದರಿಂದ ಈ ವಿಷಯವನ್ನು ಅವರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕಾಗಿದೆ.

ಮೊದಲು ತಿಳಿಯಬೇಕಾದುದೇನೆಂದರೆ, ತುರಿಕೆಯೆಂಬುದು ಒಂದು ರೋಗವಲ್ಲ. ಅನೇಕ ಕಾರಣಗಳಿಂದ ಕಾಣಿಸಿಕೊಳ್ಳುವ ಒಂದು ಚಿಹ್ನೆ. ಎಲೆ ಹಳದಿಯಾಯಿತೆಂದ ಮಾತ್ರಕ್ಕೆ ಗೊಬ್ಬರ ಕಡಮೆಯೋ, ನೀರು ಹೆಚ್ಚೋ, ಬೇರಿಗೆ ಹುಳು ಬಿದ್ದಿದೆಯೋ ನೋಡದೆ ತಿಳಿದ ಒಕ್ಕಲಿಗನು ಕೈಹಾಕುವುದಿಲ್ಲ. ನಾಯಿಯ ವಿಷಯದಲ್ಲಾದರೋ ಎಲ್ಲರೂ ನೋಡುವುದಕ್ಕಿಂತ ಮುಂಚೆ ಬಳಿಯುವುದಕ್ಕೆ ಹೊರಡುತ್ತಾರೆ. ಒಬ್ಬರು ಸೀಮೆಎಣ್ಣೆ, ಮತ್ತೊಬ್ಬರು ಟ್ರಾಕ್ಟರಿನ ಸುಟ್ಟ ಎಣ್ಣೆ, ಮಗುದೊಬ್ಬರು ತೋಟಕ್ಕೆ ತಂದ ಮೈಲುತುತ್ತ, ಹೀಗೆ ಕೈಗೆ ಸಿಕ್ಕಿದುದನ್ನು ಉಪಯೋಗಿಸುವರು.

ನಾಯಿಯ ಹೊರಚರ್ಮವು ನಮ್ಮದಕ್ಕಿಂತ ಬಹಳ ತೆಳುವಾದುದು. ಮನುಷ್ಯನ ಹೊರಚರ್ಮದಲ್ಲಿ ಜೀವಕೋಶಗಳ ಪದರಗಳು ಹತ್ತರಿಂದ ಹದಿನೈದರವರೆಗೆ ಇದ್ದರೆ ನಾಯಿಯದರಲ್ಲಿ ಮೂರರಿಂದ ಐದು ಮಾತ್ರ ಇರುವುವು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರವೆಂದು ಬರೆದಿರುವುದನ್ನು ಎಲ್ಲರೂ ನೋಡಿರಬಹುದು. ಅದೇ ಅಳತೆಯಲ್ಲಿ ಮನುಷ್ಯನ ಚರ್ಮವು ಸುಮಾರು 5, ಅಂದರೆ ಸ್ವಲ್ಪ ಹುಳಿ. ನಾಯಿಯದು ಸುಮಾರು 7ರ ಆಸುಪಾಸಿನಲ್ಲಿ ಇರುತ್ತದೆ. ಬಟ್ಟೆ ಒಗೆಯುವ ಸಾಬೂನಾದರೋ ತೀರ ಕ್ಷಾರವಾದುದು. ಆದುದರಿಂದ ಅಂಥ ಸಾಬೂನಿನಿಂದ ವಾರಕ್ಕೊಂದಾವರ್ತಿ ತಿಕ್ಕಿದರೆ ಚರ್ಮದ ಮೇಲಿರುವ ಸ್ವಾಭಾವಿಕವಾದ ಜಿಡ್ಡೆಲ್ಲವೂ ಹೋಗಿ ಹೊಟ್ಟು ಏಳುವುದು, ಬಿರುಕು ಬಿಡುವುದು, ನವೆಯಾಗುವುದು. ಯಜಮಾನರು ಇದನ್ನು ರೋಗವೆಂದು ಬಗೆದು ಇನ್ನೂ ಹೆಚ್ಚಾಗಿ ತಿಕ್ಕಿಸುವರು.

ನೋಡುವ ಕ್ರಮವು ಕಷ್ಟವಾದುದಲ್ಲ. ಹಗಲು ಬೆಳಕಿನಲ್ಲಿ ನಾಯಿಯನ್ನು ಒದ್ದೆಮಾಡಿದ ಬಿಳಿಯ ಬಟ್ಟೆಯ ಮೇಲೆ ನಿಲ್ಲಿಸಿ, ಒತ್ತಾದ ಹಲ್ಲುಗಳುಳ್ಳ ಹೇನಿನ ಬಾಚಣಿಗೆಯಿಂದ ಬಾಲದ ಬುಡವನ್ನೂ ತೊಡೆಯ ಸಂದನ್ನೂ ಬಾಚಬೇಕು. ಕರಿಯ ಪುಡಿಯಂತಹ ಕಣಗಳು ಬಟ್ಟೆಯ ಮೇಲೆ ಬಿದ್ದು, ಒದ್ದೆ ತಾಗಿದ ಕೂಡಲೆ ಸುತ್ತಲೂ ಕೆಂಗಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ. ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತವೇ. ಒಂದು ಚಿಗಟವೂ ಕಣ್ಣಿಗೆ ಬೀಳದಿದ್ದರೂ ಈ ಗುರುತು ಸಾಕು. ಅನಂತರ ಅದೇ ನಾಯಿಯನ್ನು ಕರಿಕಂಬಳಿಯ ಮೇಲೆ ನಿಲ್ಲಿಸಿ ಬೆನ್ನನ್ನು ಬಾಚಿದರೆ ಹೊಟ್ಟು ಬೆಳ್ಳಗೆ ಉದುರುವುದು. ಅದನ್ನು ಎರಡು ನಿಮಿಷ ಸುಮ್ಮನೆ ದಿಟ್ಟಿಸಿ ನೋಡಬೇಕು. ಹೊಟ್ಟಿನ ಚೂರುಗಳು ತಾವಾಗಿಯೇ ಹರಿದಾಡಿದರೆ ಅವು ಹೊಟ್ಟಲ್ಲ, ಹೊಟ್ಟಿನಡಿಯಲ್ಲಿ ವಾಸಿಸುವ ಒಂದು ಬಗೆಯ ನುಸಿಗಳು. ಹಾಗಾಗದಿದ್ದರೆ ಬರಿಯ ಒಣಚರ್ಮವಿರಬಹುದು. ಕಡೆಗೆ ಕಿವಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಬೇಕು. ಉಜ್ಜಿದ ಕೂಡಲೆ ನಾಯಿಯು ಹಿಂಗಾಲನ್ನು ತಾನಾಗಿಯೇ ಎತ್ತಿ ಗಾಳಿಯಲ್ಲಿ ಕೆರೆಯತೊಡಗಿದರೆ ಕಜ್ಜಿನುಸಿಯ ಅನುಮಾನವು ಬಲವಾಗುವುದು. ಈ ಮೂರು ಪರೀಕ್ಷೆಗಳಿಗೂ ಕಾಲು ಗಂಟೆ ಸಾಕು.

ಚಿಗಟದ ವಿಷಯದಲ್ಲಿ ಜನರು ಮೋಸಹೋಗುವುದು ಹೇಗೆಂದರೆ, ಅದು ನಾಯಿಯ ಮೈಮೇಲಿರುವ ಕೀಟವೆಂದು ತಿಳಿದಿರುವುದರಿಂದ. ಮೈಮೇಲೆ ಕಾಣುವ ಬೆಳೆದ ಚಿಗಟಗಳು ಒಟ್ಟು ಸಂತತಿಯಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದುವೆಲ್ಲ ಮೊಟ್ಟೆ, ಮರಿಹುಳು, ಗೂಡು ಎಂಬ ಅವಸ್ಥೆಗಳಲ್ಲಿ ನಾಯಿ ಮಲಗುವ ಗೋಣಿತಾಟಿನಲ್ಲಿಯೂ ನೆಲದ ಬಿರುಕಿನಲ್ಲಿಯೂ ಇರುವುವು. ಒಂದು ಹೆಣ್ಣು ದಿನಕ್ಕೆ ನಲವತ್ತು ಐವತ್ತು ಮೊಟ್ಟೆಗಳನ್ನು ಇಡಬಲ್ಲುದು. ಅವು ಕೂದಲಿಗೆ ಅಂಟಿರದೆ ನಾಯಿ ಹೋದಲ್ಲೆಲ್ಲ ಬಿತ್ತನೆಯ ಕಾಳಿನಂತೆ ಉದುರುತ್ತವೆ. ಗೂಡಿನೊಳಗಿರುವ ಚಿಗಟವಂತೂ ತಿಂಗಳುಗಟ್ಟಲೆ ಕಾದಿದ್ದು, ಹತ್ತಿರ ಪ್ರಾಣಿಯ ಸುಳಿವು ಸಿಕ್ಕಾಗ ಹೊರಬರಬಲ್ಲುದು. ಆದುದರಿಂದ ಗೋಣಿತಾಟನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುವುದು, ಮೂಲೆಗಳನ್ನು ಗುಡಿಸಿ ಕಸವನ್ನು ಸುಡುವುದು, ನೆಲದ ಬಿರುಕುಗಳನ್ನು ಮೆತ್ತುವುದು, ಇವು ನಾಯಿಯ ಔಷಧದಷ್ಟೇ ಮುಖ್ಯವಾದುವು. ಇದನ್ನೂ ವೈದ್ಯರು ಕೊಟ್ಟ ಔಷಧವನ್ನೂ ಮೂರು ತಿಂಗಳು ಬಿಡದೆ ನಡಸಬೇಕು. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಒಗ್ಗುವುದಿಲ್ಲ. ಅಂಥವು ಎರಡು ಮೂರು ಕಡಿತಕ್ಕೆ ವಾರಗಟ್ಟಲೆ ಕೆರೆದುಕೊಳ್ಳುತ್ತವೆ. ಬಾಲದ ಬುಡದಲ್ಲಿ ಕೂದಲು ಹೋಗುವುದು ಇದರ ಲಕ್ಷಣ.

ಉಣ್ಣೆಯು ಕಣ್ಣಿಗೆ ಕಾಣುವುದರಿಂದ ಅದರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯತಕ್ಕದ್ದು. ಬೆಂಕಿಕಡ್ಡಿಯಿಂದ ಸುಡುವುದೂ, ಬರಿಯ ಬೆರಳುಗಳಿಂದ ಹಿಚುಕುವುದೂ ತಪ್ಪು. ನಾಯಿಯ ಕಂದು ಉಣ್ಣೆಯು ರಕ್ತ ಕುಡಿದ ಮೇಲೆ ಕೆಳಗಿಳಿದು ಗೋಡೆಯನ್ನು ಹತ್ತಿ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ನಾಯಿಯ ಗೂಡಿನ ಗೋಡೆಗಳಿಗೆ ಗಾರೆ ಮೆತ್ತಿ ಸುಣ್ಣ ಬಳಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಉಣ್ಣೆಯಿಂದ ನಾಯಿಗೆ ರಕ್ತಸಂಬಂಧವಾದ ಜ್ವರಗಳು ಅಂಟುವುವು. ಉಣ್ಣೆಯಿದ್ದ ನಾಯಿಯು ಮೇವು ಬಿಟ್ಟು ಒಸಡು ಬಿಳಿಚಿದರೆ ತಡಮಾಡಕೂಡದು.

ಇನ್ನು ನುಸಿಗಳು. ತೆಂಗಿನ ಕಾಯಿಯ ತೊಟ್ಟಿನಡಿಯಲ್ಲಿ ಅವಿತುಕೊಂಡು ಕಾಯನ್ನು ಕೆಡಿಸುವ ನುಸಿಯನ್ನು ನಮ್ಮ ತೋಟಗಾರರು ಬಲ್ಲರು. ಅದರ ದೂರದ ಬಂಧುಗಳೇ ನಾಯಿಯ ಕಜ್ಜಿಗೆ ಕಾರಣವಾಗಿರುವುವು. ಇವುಗಳಲ್ಲಿ ಮುಖ್ಯವಾದುವು ಎರಡು. ಒಂದು ಚರ್ಮದೊಳಗೆ ಸುರಂಗ ಕೊರೆಯುವುದು. ಕಿವಿಯ ಅಂಚು, ಮೊಳಕೈ, ಹಿಂಗಾಲಿನ ಕೀಲು, ಹೊಟ್ಟೆಯ ಕೆಳಭಾಗ ಇಲ್ಲೆಲ್ಲ ಹಕ್ಕಳೆಗಟ್ಟಿ, ರಾತ್ರಿಯೆಲ್ಲ ನಿದ್ರೆಯಿಲ್ಲದ ತುರಿಕೆಯನ್ನುಂಟುಮಾಡುವುದು. ಇದು ನಾಯಿಯಿಂದ ನಾಯಿಗೆ ಬೇಗ ಹರಡುವುದಲ್ಲದೆ ಅದನ್ನು ಎತ್ತಿಕೊಳ್ಳುವ ಮಕ್ಕಳ ತೋಳಿನ ಮೇಲೂ ಎದೆಯ ಮೇಲೂ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ನಾಯಿಯ ನುಸಿಯು ಮನುಷ್ಯನಲ್ಲಿ ಬಹುಕಾಲ ಬಾಳಲಾರದು. ನಾಯಿಗೆ ಗುಣವಾದರೆ ಮಕ್ಕಳಿಗೂ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಗುಣವಾಗುವುದು. ಎರಡನೆಯದು ಕೂದಲಿನ ಬುಡದಲ್ಲಿರುವ ನುಸಿ. ಆರೋಗ್ಯವಾದ ನಾಯಿಗಳಲ್ಲಿಯೂ ಇದು ಸ್ವಲ್ಪ ಇದ್ದೇ ಇರುವುದು. ಮರಿಗಳಲ್ಲಿ ಅಥವಾ ಬೇರೆ ಕಾರಣದಿಂದ ಶಕ್ತಿಗುಂದಿದ ನಾಯಿಗಳಲ್ಲಿ ಹೆಚ್ಚಿಕೊಂಡು ಕಣ್ಣಿನ ಸುತ್ತಲೂ ಕಾಲಿನ ಮೇಲೂ ಕೂದಲುದುರುವಂತೆ ಮಾಡುತ್ತದೆ. ಮೊದಮೊದಲು ತುರಿಕೆ ಅಷ್ಟಾಗಿ ಇರುವುದಿಲ್ಲ. ಇವೆರಡನ್ನೂ ಗೊತ್ತುಮಾಡುವುದು ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ. ಅಂಗಡಿಯಲ್ಲಿ ಮನುಷ್ಯರ ತುರಿಗೆಂದು ಮಾರುವ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಇಂಥ ನಾಯಿಗೆ ಹಚ್ಚಿದರೆ ನಾಲ್ಕು ದಿನ ತುರಿಕೆ ನಿಂತಂತೆ ಕಂಡು, ಒಳಗೆ ನುಸಿಯು ಇನ್ನಷ್ಟು ಬೆಳೆಯುವುದು.

ಉಂಗುರದಂತೆ ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟು ಕಂಡರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಲ್ಲ, ಬೂಷ್ಟಿನ ಜಾತಿಯದು. ಇದು ಮನುಷ್ಯರಿಗೂ ಕರುಗಳಿಗೂ ಹತ್ತುವುದರಿಂದ ಅಂಥ ನಾಯಿಯನ್ನು ಮಕ್ಕಳಿಂದ ದೂರವಿಡತಕ್ಕದ್ದು.

ಇವು ಯಾವುವೂ ಇಲ್ಲದೆ ಚರ್ಮವು ಒಣಗಿರುವುದಾದರೆ ಕಾರಣವು ಬಹುಮಟ್ಟಿಗೆ ಸಾಬೂನು, ಚಳಿಗಾಲದ ಒಣಗಾಳಿ, ಆಹಾರ ಎಂಬ ಈ ಮೂರರಲ್ಲಿ ಇರುವುದು. ಕಾರ್ತಿಕದಿಂದ ಮಾಘದವರೆಗೆ ಬಯಲುಸೀಮೆಯಲ್ಲಿ ಬೀಸುವ ಗಾಳಿಗೆ ನಮ್ಮ ಹಿಮ್ಮಡಿಯೇ ಒಡೆಯುವಾಗ ನಾಯಿಯ ತೆಳುಚರ್ಮದ ಪಾಡೇನು? ಆ ಕಾಲದಲ್ಲಿ ಮೂರು ನಾಲ್ಕು ವಾರಗಳಿಗೊಂದು ಸ್ನಾನಕ್ಕಿಂತ ಹೆಚ್ಚು ಬೇಡ. ನೀರು ಉಗುರುಬೆಚ್ಚಗಿರಬೇಕು; ನಾಯಿಗಳಿಗೆಂದೇ ಮಾಡಿದ ಶಾಂಪೂವನ್ನು ಸ್ವಲ್ಪವೇ ಬಳಸಿ, ಅದು ಲವಲೇಶವೂ ಉಳಿಯದಂತೆ ತೊಳೆಯಬೇಕು. ಇಲ್ಲದಿದ್ದರೆ ಬರಿಯ ನೀರೇ ಮೇಲು. ಸ್ಪಿಟ್ಜ್ ಜಾತಿಯ ನಾಯಿಗೆ ಎರಡು ಪದರಗಳ ಒತ್ತಾದ ಕೂದಲಿರುವುದರಿಂದ ಒಳಕೂದಲು ತೇವವಾಗಿಯೇ ಉಳಿದರೆ ಹುಣ್ಣಾಗುತ್ತದೆ. ಬಟ್ಟೆಯಿಂದ ಚೆನ್ನಾಗಿ ಒರಸಿ ಬಾಚಬೇಕು. ಬೇಸಗೆಯೆಂದು ಆ ಕೂದಲನ್ನು ಚರ್ಮದವರೆಗೆ ಬೋಳಿಸುವುದು ಉಚಿತವಲ್ಲ. ಬಿಸಿಲನ್ನು ತಡೆಯುವುದೂ ಆ ಕೂದಲೇ. ಒಡೆದ ಜಾಗಕ್ಕೆ ಕೊಬ್ಬರಿಎಣ್ಣೆಯನ್ನು ತೆಳ್ಳಗೆ ಸವರಬಹುದು. ಅದು ಒಣಗಿದುದನ್ನು ಮೆದುಮಾಡುವುದೇ ಹೊರತು ನುಸಿಯನ್ನು ಕೊಲ್ಲುವುದಿಲ್ಲ. ಬಳಿದ ಯಾವುದನ್ನಾದರೂ ನಾಯಿಯು ನೆಕ್ಕಿಯೇ ನೆಕ್ಕುವುದೆಂಬುದನ್ನು ಮರೆಯಬಾರದು. ಹೊಂಗೆಎಣ್ಣೆ, ಬೇವಿನ ಎಣ್ಣೆಗಳನ್ನು ಮೈತುಂಬ ಬಳಿಯುವುದು ಈ ಕಾರಣದಿಂದಲೇ ಮೆಚ್ಚತಕ್ಕದ್ದಲ್ಲ.

ಆಹಾರದ ಮಾತು ನಮ್ಮ ಗ್ರಾಮಗಳಿಗೆ ವಿಶೇಷವಾಗಿ ಅನ್ವಯಿಸುವುದು. ಚಿಕ್ಕ ನಾಯಿಗೆ ಬೆಳಗ್ಗೆ ಹಾಲನ್ನ, ರಾತ್ರಿ ಮುದ್ದೆ ಮಜ್ಜಿಗೆ, ಇದೇ ವರ್ಷವೆಲ್ಲ. ಹೊಟ್ಟೆ ತುಂಬುವುದು; ಆದರೆ ಚರ್ಮವೂ ಕೂದಲೂ ಮಾಂಸಜನಕ ಪದಾರ್ಥದಿಂದ ಆಗತಕ್ಕವು, ಅವುಗಳ ಹೊಳಪು ಕೆಲವು ಜಿಡ್ಡುಗಳಿಂದ ಬರತಕ್ಕುದು; ಬರಿಯ ಅನ್ನದಲ್ಲಾಗಲಿ ಮುದ್ದೆಯಲ್ಲಾಗಲಿ ಇವೆರಡೂ ಸಾಲವು. ದಿನಕ್ಕೆ ಅರ್ಧ ಬೇಯಿಸಿದ ಮೊಟ್ಟೆಯನ್ನೋ, ಕರಾವಳಿಯವರಾದರೆ ಮುಳ್ಳು ತೆಗೆದ ಬೇಯಿಸಿದ ಬೂತಾಯಿ ಮೀನನ್ನೋ ಸೇರಿಸಬಹುದು. ಮಾಂಸ ಮುಟ್ಟದ ಮನೆಗಳಲ್ಲಿ ಮೊಸರನ್ನೂ ಚೆನ್ನಾಗಿ ಬೆಂದ ಬೇಳೆಯನ್ನೂ ಹೆಚ್ಚಿಸಬಹುದು, ಆದರೆ ಇವುಗಳಿಂದ ಮೊಟ್ಟೆಯಷ್ಟು ಫಲ ಸಿಕ್ಕದು. ಐದು ಕಿಲೋಗ್ರಾಂ ತೂಕದ ನಾಯಿಗೆ ಅರ್ಧ ಚಹಾ ಚಮಚದಷ್ಟು ಕುಸುಬೆಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಊಟದಲ್ಲಿ ಕಲಸಿಕೊಟ್ಟರೆ ಆರರಿಂದ ಎಂಟು ವಾರಗಳಲ್ಲಿ ವ್ಯತ್ಯಾಸ ಕಾಣಬಹುದು; ಹೆಚ್ಚು ಹಾಕಿದರೆ ಭೇದಿಯಾಗುವುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಹುಳಿಗಳನ್ನು ಎಂದಿಗೂ ಹಾಕಕೂಡದು. ಅವು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಪಂಕ್ತಿಯಲ್ಲಿ ಉಳಿದುದನ್ನೆಲ್ಲ ನಾಯಿಗೆ ಸುರಿಯುವ ಪದ್ಧತಿಯು ಈ ದೃಷ್ಟಿಯಿಂದ ಒಳ್ಳೆಯದಲ್ಲ.

ಹೀಗೆಲ್ಲ ನೋಡಿಕೊಂಡರೂ ಕೆಲವು ನಾಯಿಗಳು ಪಾದವನ್ನೇ ನೆಕ್ಕುತ್ತ, ಕಿವಿಯನ್ನೇ ಕೆರೆಯುತ್ತ ಇರುವುವು. ಇವು ಧೂಳು, ಹೂವಿನ ಪರಾಗ, ಅಥವಾ ಯಾವುದೋ ಒಂದು ಆಹಾರ ಒಗ್ಗದ ನಾಯಿಗಳು. ಇವುಗಳಿಗೆ ವೈದ್ಯರ ಆರೈಕೆ ಬಹುಕಾಲ ಬೇಕಾಗುವುದು.

ಈಗ ವಿಷದ ವಿಷಯಕ್ಕೆ ಬರೋಣ. ಸಸ್ಯಸಂರಕ್ಷಣೆಯ ಔಷಧದ ಪ್ರತಿಯೊಂದು ಶೀಶೆಯ ಮೇಲೂ ವಜ್ರಾಕೃತಿಯ ಒಂದು ಗುರುತು ಇದ್ದು ಅದರ ಕೆಳಗಿನ ಅರ್ಧದಲ್ಲಿ ಬಣ್ಣವಿರುವುದು. ಕೆಂಪು ಅತ್ಯಂತ ಘೋರವಾದ ವಿಷಕ್ಕೆ, ಹಳದಿ ಅದಕ್ಕಿಂತ ಕಡಮೆಯಾದುದಕ್ಕೆ, ನೀಲಿ ಮಧ್ಯಮಕ್ಕೆ, ಹಸುರು ಅಲ್ಪವಿಷಕ್ಕೆ ಸಂಕೇತ. ಹಸುರೆಂದರೆ ನಿರಪಾಯವೆಂದು ಅರ್ಥವಲ್ಲ. ಇವುಗಳ ಪ್ರಮಾಣವನ್ನು ಎಕರೆಗಿಷ್ಟು ಎಂದು ಲೆಕ್ಕಮಾಡಿರುವುದೇ ಹೊರತು ಪ್ರಾಣಿಯ ಮೈತೂಕಕ್ಕೆ ಇಷ್ಟೆಂದು ಯಾರೂ ಲೆಕ್ಕಮಾಡಿಲ್ಲ. ಅಗಲವಾದ ತಟ್ಟೆಯಲ್ಲಿ ಸುರಿದ ಸ್ವಲ್ಪ ನೀರು ಕೊಡದ ನೀರಿಗಿಂತ ಬೇಗ ಆರುವಂತೆ, ಚಿಕ್ಕ ಪ್ರಾಣಿಗೆ ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಆದುದರಿಂದ ಚರ್ಮದ ಮೂಲಕ ಒಳಗಿಳಿಯುವ ವಿಷವೂ ತೂಕದ ಲೆಕ್ಕದಲ್ಲಿ ಹೆಚ್ಚೇ. ಕೆರೆದು ಗಾಯವಾದ ಮೈಯಾದರಂತೂ ಹೇಳಬೇಕಾದುದಿಲ್ಲ. ಆರ್ಗನೋಫಾಸ್ಫೇಟ್ ಎಂಬ ವರ್ಗದ ಕೀಟನಾಶಕಗಳು ಹುಳುವಿನ ನರಗಳನ್ನು ಕೆಡಿಸುವ ರೀತಿಯಲ್ಲಿಯೇ ನಾಯಿಯ ನರಗಳನ್ನೂ, ಮೈತೊಳೆಯಿಸುವವನ ನರಗಳನ್ನೂ ಕೆಡಿಸುವುವು. ಹಿಂದೆ ನಾಯಿಯ ಗೂಡಿಗೂ ಮೈಗೂ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು; ಹಳೆಯ ಮನೆಗಳ ಅಟ್ಟದಲ್ಲಿ ಅದರ ಡಬ್ಬಿ ಇದ್ದರೆ ತೆರೆಯಬೇಡಿರಿ.

ಯಾರಾದರೂ ಅಂಥ ಔಷಧವನ್ನು ನಾಯಿಗೆ ಬಳಿದದ್ದೇ ಆದರೆ, ಜೊಲ್ಲು ಸುರಿಯುವುದು, ಕಣ್ಣೀರು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗುವುದು, ವಾಂತಿ ಭೇದಿ, ನಡುಕ, ಉಬ್ಬಸ, ಇವು ಕಾಣಿಸಿಕೊಳ್ಳುವುವು. ಕೈಗೆ ರಬ್ಬರಿನ ಚೀಲ ತೊಟ್ಟು, ಧಾರಾಳವಾದ ನೀರಿನಿಂದಲೂ ಸಾಬೂನಿನಿಂದಲೂ ಕೂಡಲೆ ತೊಳೆದು, ಶೀಶೆಯನ್ನೂ ಅದರ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಪಶುವೈದ್ಯಶಾಲೆಗೆ ಓಡತಕ್ಕದ್ದು. ಇಲ್ಲಿ ಮಾತ್ರ ಸಾಬೂನಿನ ವಿಷಯವಾಗಿ ಮೇಲೆ ಹೇಳಿದುದನ್ನು ಮರೆಯಬೇಕು. ಆರ್ಗನೋಫಾಸ್ಫೇಟ್ ವಿಷಕ್ಕೆ ಅಟ್ರೊಪೀನ್ ಎಂಬ ಚುಚ್ಚುಮದ್ದು ಉಂಟು. ಅದು ವೈದ್ಯರ ಕೈಯಲ್ಲಿರತಕ್ಕುದು. ಮೈಯಲ್ಲಿ ಜ್ಞಾನವಿಲ್ಲದ ನಾಯಿಗೆ ಹಾಲನ್ನೋ ಎಣ್ಣೆಯನ್ನೋ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವುದು. ಸೀಮೆಎಣ್ಣೆ ಬಳಿದ ನಾಯಿಗಳು ಅದನ್ನು ನೆಕ್ಕಿ ವಾಂತಿಮಾಡುವಾಗಲೂ ಹೀಗೆಯೇ ಶ್ವಾಸಕೋಶ ಕೆಟ್ಟು ಸಾಯುವುದುಂಟು.

ದನಗಳಿಗೆ ಕೊಡುವ ಔಷಧವನ್ನು ನಾಯಿಗೆ ಕೊಡುವುದೂ ಹೀಗೆಯೇ ಅಪಾಯಕರವಾದುದು. ಐವರ್ಮೆಕ್ಟಿನ್ ಎಂಬ ಚುಚ್ಚುಮದ್ದಿನ ಸಾಮಾನ್ಯವಾದ ಶೀಶೆಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧವಿರುವುದು. ಇದು 50 ಕಿಲೋಗ್ರಾಂ ತೂಕದ ಕರುವಿಗೆ ತಕ್ಕ ಪ್ರಮಾಣ. ಐದು ಕಿಲೋಗ್ರಾಮಿನ ನಾಯಿಗೆ "ಒಂದು ಮಿಲಿಲೀಟರಿನಿಂದ ಏನಾದೀತು" ಎಂದು ಚುಚ್ಚಿದವನು ಅದೇ ಲೆಕ್ಕಕ್ಕೆ ಹತ್ತು ಪಟ್ಟು ಕೊಟ್ಟಂತಾಯಿತು. ಕೋಲಿ ಮೊದಲಾದ ಕುರಿಕಾಯುವ ವಿದೇಶೀ ಜಾತಿಗಳಲ್ಲಿ ಕೆಲವು ನಾಯಿಗಳಿಗೆ ಈ ಔಷಧವು ಹುಟ್ಟಿನಿಂದಲೇ ಒಗ್ಗದು. ಮಿದುಳಿಗೆ ಏರಿ ಪ್ರಾಣಕ್ಕೆ ಸಂಚಕಾರ ತರುವುದು. ಉಣ್ಣೆಗೆಂದು ದನದ ಮೈಮೇಲೆ ಸಿಂಪಡಿಸುವ ದ್ರಾವಣಗಳೂ ಹಾಗೆಯೇ ಅಳತೆಯಿಲ್ಲದೆ ಬಳಸತಕ್ಕವಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೊಂದು ಎಚ್ಚರಿಕೆ: ನಾಯಿಗೆ ಸಲ್ಲುವ ಪರ್ಮೆಥ್ರಿನ್ ಎಂಬುದು ಬೆಕ್ಕಿಗೆ ಮೃತ್ಯುಪ್ರಾಯವಾದುದು.

ಚಿಗಟ, ಉಣ್ಣೆ, ನುಸಿಗಳಿಗೆ ಈಗ ಫ್ಲೂರಲೇನರ್, ಅಫಾಕ್ಸೊಲೇನರ್ ಮೊದಲಾದ ಮಾತ್ರೆಗಳೂ, ಹೆಗಲ ನಡುವಿನ ಚರ್ಮದ ಮೇಲೆ ಹನಿಸುವ ಔಷಧಗಳೂ ದೊರೆಯುವುವು. ಎಲ್ಲವೂ ನಾಯಿಯ ತೂಕವನ್ನನುಸರಿಸಿ ಕೊಡತಕ್ಕವು. ಫಿಟ್ಸ್ ಬರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ತೂಕವನ್ನು ತಿಳಿಯುವುದಕ್ಕೆ ನಾಯಿಯನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ತಾನೊಬ್ಬನೇ ನಿಂತು, ಕಳೆದರಾಯಿತು. ಬೆಲೆ ಹೆಚ್ಚೆಂದು ದೊಡ್ಡ ನಾಯಿಯ ಮಾತ್ರೆಯನ್ನು ಕೊಂಡು ನಾಲ್ಕು ಚಿಕ್ಕ ನಾಯಿಗಳಿಗೆ ಮುರಿದು ಹಂಚುವುದನ್ನು ಕೇಳಿದ್ದೇನೆ. ಚೂರುಗಳಲ್ಲಿ ಔಷಧವು ಸಮವಾಗಿ ಇರುವುದೆಂಬ ಭರವಸೆಯಿಲ್ಲ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಹಿಂದೆ ಕಡಿತಕ್ಕೆ ಸಿಕ್ಕಿದ ನಾಯಿಯು ಕಡಿತವಾದ ಜಾಗವನ್ನೇ ಹುಚ್ಚಾಗಿ ಕಚ್ಚಿಕೊಳ್ಳುತ್ತ, ಸ್ವಭಾವ ಬದಲಾಗಿ, ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ ಅದು ಚರ್ಮರೋಗವಲ್ಲದೆ ಹುಚ್ಚುನಾಯಿ ರೋಗವೂ ಆಗಿರಬಹುದು. ಅಂಥ ನಾಯಿಯ ಬಾಯಿ ನೋಡಲು ಯಾರೂ ಹೋಗಕೂಡದು; ದೂರದಿಂದಲೇ ಕಟ್ಟುಮಾಡಿ ವೈದ್ಯರಿಗೆ ತಿಳಿಸತಕ್ಕದ್ದು. ನಾಯಿಯು ಕಡಿದವರು ಅಥವಾ ಅದರ ಜೊಲ್ಲು ಗಾಯಕ್ಕೆ ತಾಗಿದವರು ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದ ನಾಯಿಯ ಮೈಯನ್ನು ಬಾಚಲು ಕುಳಿತವನಿಗೆ ಈ ಭಯವು ಬಹಳ ಕಡಮೆ.

ಜಗುಲಿಯ ಆ ಬಿಳಿಯ ನಾಯಿಯನ್ನು ಅಂದೇ ಮನೆಯ ಮಗುವೊಂದು ತಂದುಕೊಟ್ಟ ಒದ್ದೆ ಪಂಚೆಯ ಮೇಲೆ ನಿಲ್ಲಿಸಿ ಬಾಚಿ ನೋಡಿದೆವು. ಬಟ್ಟೆಯ ಮೇಲೆ ಕೆಂಗಂದು ಚುಕ್ಕೆಗಳು ಮೂಡಿದುವು. ಯಜಮಾನರು ಅದನ್ನು ಬೆರಳಿನಿಂದ ಉಜ್ಜಿ ನೋಡಿ, "ಇದು ರಕ್ತವೇ ಸರಿ" ಎಂದರು. ಬೆನ್ನಿನ ಹೊಟ್ಟಾದರೋ ಪ್ರತಿ ಭಾನುವಾರವೂ ಬಟ್ಟೆಯ ಸಾಬೂನಿನಿಂದ ತಿಕ್ಕಿಸುತ್ತಿದ್ದುದರ ಫಲ. ಎರಡು ಕಾರಣಗಳು ಒಂದೇ ಮೈಯಲ್ಲಿದ್ದುವು. ಮರುದಿನ ತಾಲ್ಲೂಕಿನ ಪಶುವೈದ್ಯರು ತೂಕ ನೋಡಿ ಔಷಧ ಕೊಟ್ಟರು. ಗೋಣಿತಾಟನ್ನು ಬದಲಾಯಿಸಿ, ಕೊಟ್ಟಿಗೆಯ ಪಕ್ಕದ ಬಿರುಕುನೆಲಕ್ಕೆ ಗಾರೆ ಹಾಕಿಸಿದರು. ಯುಗಾದಿಯ ಹೊತ್ತಿಗೆ ಮತ್ತೆ ಆ ಕಡೆ ಹೋದಾಗ ಬೆನ್ನಿನ ಮೇಲೆ ಹೊಸ ಕೂದಲು ಬಂದಿತ್ತು. ಬಾಲದ ಬುಡದಲ್ಲಿ ಮಾತ್ರ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ ಇನ್ನೂ ಬೋಳಾಗಿಯೇ ಇದ್ದಿತು.